ಪ್ರೊಬೇಟ್ ಮುಗಿಯುವ ಮೊದಲೇ ಅಪ್ಪನ ಮನೆಗೆ ಗಿರಾಕಿ ಹಿಡಿದೆ

ತುಮಕೂರು ಚಿಕ್ಕಪೇಟೆಯ ನಮ್ಮಪ್ಪನ ಮನೆ 2025ರ ಫೆಬ್ರವರಿ ಕೊನೆಯಲ್ಲಿ 71 ಲಕ್ಷಕ್ಕೆ ಕ್ರಯವಾಯಿತು. "ಕೋರ್ಟಲ್ಲಿರೋ ಮನೆಗೆ ಯಾರು ಬರ್ತಾರೆ? ಬಂದ್ರೂ 45ರ ಮೇಲೆ ಬಿಚ್ಚಲ್ಲ" ಅಂತ ತುಮಕೂರಿನ ದಲ್ಲಾಳಿಗಳು ನನ್ನ ಮುಖಕ್ಕೇ ಹೇಳಿದ್ದರು. ನಾನು ಆಸ್ತಿ ಪತ್ರ ಬರೆಯುವವನು, ನನ್ನ ಪಕ್ಕ ಕೂತು ಪತ್ರ ಬರೆಯುವ ಗೆಳೆಯರ ಮಾತೂ ಅದೇ. ಮೊದಲು ಪ್ರೊಬೇಟ್ (ಉಯಿಲು ನಿಜ ಅಂತ ಕೋರ್ಟು ಕೊಡುವ ಪ್ರಮಾಣ) ಮುಗಿಸು, ಆಮೇಲೆ ಖಾತೆ (ಮನೆ ಕಂದಾಯದ ದಾಖಲೆ) ಹೆಸರಿಗೆ ಮಾಡಿಸು, ಆಮೇಲೆ ಮಾರಾಟದ ಮಾತು ಎತ್ತು ಅಂದರು. ನಾನು ಮಾಡಿದ್ದು ತಿರುಗಾಮುರುಗಾ. ಗಿರಾಕಿಯನ್ನು ಮೊದಲು ಹಿಡಿದೆ, ಕರಾರು ಮಾಡಿದೆ, ಪ್ರೊಬೇಟ್ ತನ್ನ ಪಾಡಿಗೆ ನಡೆಯಲಿ ಅಂತ ಬಿಟ್ಟೆ. ಈಗ ಅವರಲ್ಲೇ ಮೂರು ಜನ ಕರಾರಿನ ನಕಲು ಕೇಳಿಕೊಂಡು ಬಂದಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವಲ್ಲ, ಅದು ನಿಮಗೆ ಗೊತ್ತಿರುವುದೇ. ಆದರೂ ನನಗೆ ಬೇಕಾಯಿತು. ಅಪ್ಪ ತೀರಿಕೊಂಡದ್ದು 2021ರ ಆಗಸ್ಟ್‌ನಲ್ಲಿ. ಉಯಿಲನ್ನು ಅವರು 2016ರಲ್ಲಿ ಬಿಳಿ ಹಾಳೆಯ ಮೇಲೆ ತಮ್ಮ ಕೈಯಲ್ಲೇ ಬರೆದಿದ್ದರು. ಮನೆ ಮೂರು ಪಾಲು: ನನಗೊಂದು, ತಮ್ಮನಿಗೊಂದು, ನಮ್ಮ ಸೋದರತ್ತೆಗೊಂದು. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನು ಸಾಕಿದವರು ಅತ್ತೆ. ಅವರಿಗೆ ಬೇರೆ ಯಾರೂ ಇಲ್ಲ. ಎಕ್ಸಿಕ್ಯೂಟರ್, ಅಂದರೆ ಉಯಿಲನ್ನು ಜಾರಿ ಮಾಡುವವನು, ಅಂತ ಅಪ್ಪ ನನ್ನ ಹೆಸರು ಬರೆದಿದ್ದರು. ನೋಂದಣಿ ಮಾಡಿಸೋಣ ಅಂತ ನಾನು ಎರಡು ಸಲ ಹೇಳಿದ್ದೆ. "ಮಕ್ಕಳ ಮೇಲೆ ನಂಬಿಕೆ ಇಲ್ವೇನೋ" ಅಂದರು, ಸುಮ್ಮನಾದೆ.

ಖಾತೆಗೆ ಅರ್ಜಿ ಹಾಕಿದ ತಿಂಗಳಲ್ಲೇ ತಮ್ಮ ತಕರಾರು ಕೊಟ್ಟ. ಉಯಿಲು ಇಲ್ಲದಿದ್ದರೆ ಅವನಿಗೆ ಅರ್ಧ, ಇದ್ದರೆ ಮೂರನೇ ಒಂದು. ಉಯಿಲು ನೋಂದಣಿ ಆಗಿಲ್ಲ, ಮೂಲೆಯಲ್ಲಿ ಏನೋ ಗೀಚಿ ತಿದ್ದಿದ ಗುರುತಿದೆ ಅಂತ ಬರೆದಿದ್ದ. ಆ ಗೀಚನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ತಕರಾರು ಬಿದ್ದ ಮೇಲೆ ಕಡತ ಅಲ್ಲಿಗೇ ನಿಂತಿತು, ಕೋರ್ಟಿನಿಂದ ಆದೇಶ ತನ್ನಿ ಅಂತ ಕಚೇರಿಯವರು ಅಂದರು.

ಮೊದಲ ತಪ್ಪು 2022ರಲ್ಲಿ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಹುಡುಗನೊಬ್ಬ ಬಂದ, 66 ಲಕ್ಷಕ್ಕೆ ಒಪ್ಪಿದ, 2 ಲಕ್ಷ ಅಡ್ವಾನ್ಸ್ ಕೊಟ್ಟ. ನಾನು ಅದನ್ನು ತಾರಸಿ ರಿಪೇರಿಗೆ, ಬಾಕಿ ಕಂದಾಯಕ್ಕೆ ಹಾಕಿಬಿಟ್ಟೆ. ಹಳೇ ಮದ್ರಾಸ್ ತಾರಸಿ, ಮಳೆಗಾಲ ಬಂದರೆ ಪಡಸಾಲೆಯಲ್ಲಿ ಬಿಂದಿಗೆ ಇಡಬೇಕಾಗುತ್ತಿತ್ತು. ಅವನ ಬ್ಯಾಂಕಿನ ವಕೀಲರು ಪ್ರೊಬೇಟ್ ತನ್ನಿ ಅಂದರು, ಸಾಲ ಕೈತಪ್ಪಿತು. ಹುಡುಗ ಅಡ್ವಾನ್ಸ್ ಜೊತೆಗೆ ಬ್ಯಾಂಕಿಗೆ ಕಟ್ಟಿದ ಖರ್ಚನ್ನೂ ಕೇಳಿದ, ಕೇಳಿದ್ದು ನ್ಯಾಯವೇ. ಹೆಂಡತಿಯ ಬಳೆ ಅಡವಿಟ್ಟು 2 ಲಕ್ಷ 25 ಸಾವಿರ ಹಿಂದಿರುಗಿಸಿದೆ. ಅವತ್ತೇ ಎರಡು ತೀರ್ಮಾನ ಮಾಡಿದೆ. ಸಾಲದ ಗಿರಾಕಿ ಬೇಡ. ಅಡ್ವಾನ್ಸಿನ ಒಂದು ರೂಪಾಯಿಯನ್ನೂ ಮುಟ್ಟಬಾರದು.

ಎರಡನೆಯವನು ಗಿರಾಕಿಯಲ್ಲ, ಹದ್ದು. 42 ಲಕ್ಷ ನಗದು, "ಮೂವರೂ ಜಿಪಿಎ ಮಾಡ್ಕೊಡಿ, ಕೇಸು ನಾನ್ ನೋಡ್ಕೋತೀನಿ" ಅಂದ. ಜಿಪಿಎ ಅಂದರೆ ಮುಕ್ತಿಯಾರು ಪತ್ರ. ಅದರ ಮೇಲೆ ಮಾರಿದರೆ ಕೊಂಡವರಿಗೆ ಹಕ್ಕು ಬರಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಆದರೂ ಇಂಥವರು ಪೇಟೆಯಲ್ಲಿ ಓಡಾಡುತ್ತಲೇ ಇರುತ್ತಾರೆ. ತಮ್ಮ ಮಾತ್ರ ಆ 42ಕ್ಕೆ ಸೈ ಅಂದಿದ್ದ. ಅರ್ಧ ಅಂದರೆ 21 ಲಕ್ಷ, ಅವನ ತಲೆಯಲ್ಲಿ ಆ ಲೆಕ್ಕ ಕೂತುಬಿಟ್ಟಿತ್ತು.

2022ರ ನವೆಂಬರ್‌ನಲ್ಲಿ ಪ್ರೊಬೇಟ್ ಅರ್ಜಿ ಹಾಕಿದೆ. ಪೇಪರಿನಲ್ಲಿ ಪ್ರಕಟಣೆಗೆ ಒಂಬತ್ತು ಸಾವಿರದ ಹತ್ತಿರ ಆಯಿತು. ತಮ್ಮ ಕೇವಿಯಟ್ ಹಾಕಿದ, ಅಂದರೆ ನನ್ನನ್ನು ಕೇಳದೆ ಪ್ರೊಬೇಟ್ ಕೊಡಬೇಡಿ ಅಂತ ಕೋರ್ಟಿಗೆ ಬರೆದುಕೊಟ್ಟ. ಕೇಸು ದಾವೆಯ ರೂಪಕ್ಕೆ ತಿರುಗಿತು. ಇಲ್ಲಿಗೆ ಬಂದವರು ಸಾಮಾನ್ಯವಾಗಿ ಕೈಕಟ್ಟಿ ಕೂರುತ್ತಾರೆ. ನಾನು ಮನೆಗೆ ಸುಣ್ಣ ಹೊಡೆಸಿದೆ.

ನಿಜವಾಗಿ ಹೊಡೆಸಿದೆ, 18 ಸಾವಿರ ಖರ್ಚಾಯಿತು. ಬಾವಿಯ ಹೂಳು ತೆಗೆಸಿ ಕಟ್ಟೆಗೆ ಹೊಸ ಕಲ್ಲು ಕೂರಿಸಿದೆ. ಅಲ್ಲಿವರೆಗೆ 60ರ ಹತ್ತಿರ ಕೇಳುತ್ತಿದ್ದವರು ಸುಣ್ಣ ಒಣಗುವ ಹೊತ್ತಿಗೆ ಎರಡು ಮೂರು ಲಕ್ಷ ಏರಿದರು. ಆಮೇಲೆ ಬಾಗಿಲಿಗೆ ಬೋರ್ಡು ಹಾಕಿದೆ. "ಮನೆ ಮಾರಾಟಕ್ಕಿದೆ" ಅಂತ ಬರೆದು, ಅದರ ಕೆಳಗೇ "ಪ್ರೊಬೇಟ್ ನಡೆಯುತ್ತಿದೆ, ಕಾಗದ ತೋರಿಸುತ್ತೇವೆ" ಅಂತ ಬರೆಸಿದೆ. ಬೋರ್ಡು ಬರೆಯುವವನೇ ಬೇಡ ಸಾರ್ ಅಂದ. ಫೋನುಗಳು ಅರ್ಧಕ್ಕರ್ಧ ಕಡಿಮೆಯಾದವು, ನಿಜ. ಆದರೆ ಬಂದ ಫೋನುಗಳೆಲ್ಲ ಕಾಗದ ಓದಬಲ್ಲವರದ್ದು, ಅವಸರವಿಲ್ಲದವರದ್ದು. ಹೀಗೆ ಬಂದವರೇ ಗುಬ್ಬಿ ಕಡೆಯ ಕೊಬ್ಬರಿ ವ್ಯಾಪಾರಿ. ಮಗಳು ಪಿಯುಸಿಗೆ ಬರಲು ಇನ್ನೂ ಎರಡು ವರ್ಷ ಇತ್ತು, ಅಷ್ಟರೊಳಗೆ ತುಮಕೂರಿನಲ್ಲಿ ಒಂದು ಮನೆ ಬೇಕಿತ್ತು, ಸಾಲದ ಗೋಜು ಇರಲಿಲ್ಲ. ನಾನು ಹುಡುಕುತ್ತಿದ್ದದ್ದು ಇಂಥ ಗಿರಾಕಿಯನ್ನೇ. ನನಗೆ ಬೇಕಿದ್ದ ಕಾಲಾವಕಾಶ ಅವರ ಕೈಯಲ್ಲಿತ್ತು.

ಕರಾರು ನೋಂದಣಿಯಾದದ್ದು 2023ರ ಸೆಪ್ಟೆಂಬರ್‌ನಲ್ಲಿ. ಎಕ್ಸಿಕ್ಯೂಟರ್ ಆಗಿ ನಾನು, ಪಾಲುದಾರರಾಗಿ ಅತ್ತೆ, ಆ ಕಡೆ ಕೊಳ್ಳುವವರು. ಬೆಲೆ 71. ಅಡ್ವಾನ್ಸ್ 10 ಲಕ್ಷ, ಅದು ನನ್ನ ಕೈಗೆ ಬರಲಿಲ್ಲ. ಅತ್ತೆ, ನಾನು, ಕೊಳ್ಳುವವರು ಮೂವರೂ ಸಹಿ ಹಾಕಿದರೆ ಮಾತ್ರ ಒಡೆಯಲಾಗುವ ಎಫ್‌ಡಿಗೆ ನೇರವಾಗಿ ಹೋಯಿತು. 24 ತಿಂಗಳಲ್ಲಿ ಪ್ರೊಬೇಟ್ ಆಗದಿದ್ದರೆ ಅಸಲು ಬಡ್ಡಿ ಎರಡೂ ಅವರಿಗೆ, ಪ್ರೊಬೇಟ್ ಆಗಿಬಿಟ್ಟರೆ ಬಡ್ಡಿ ನಮಗೆ. ತಮ್ಮನ ಕೇವಿಯಟ್ ವಿಷಯವನ್ನು ಮುಚ್ಚಿಡದೆ, ಕೇಸಿನ ನಂಬರ್ ಸಮೇತ ಪೀಠಿಕೆಯಲ್ಲೇ ಬರೆದೆ. ಸ್ವಾಧೀನ ಕೊಡಲಿಲ್ಲ. ಬೀಗದ ಕೈ ಕೊಡಿ, ಸಾಮಾನು ಇಟ್ಟುಕೊಳ್ತೀವಿ ಅಂತ ಅವರು ತುಂಬಾ ಒತ್ತಾಯ ಮಾಡಿದರು. ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ, ನಾಳೆ ತಮ್ಮ ಗೆದ್ದರೆ ಅವರನ್ನು ಬಿಡಿಸುವುದೇ ಇನ್ನೊಂದು ಕೇಸಾಗುತ್ತದೆ. ಕೊಡಲ್ಲ ಅಂದೆ.

ಖಾತೆ ಇನ್ನೂ ಸತ್ತವರ ಹೆಸರಲ್ಲಿ, ನೀನು ಕರಾರು ನೋಂದಣಿ ಮಾಡಿಸಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಪೀಠಿಕೆಯಲ್ಲಿ ಎರಡು ಸಾಲು ಬರೆದಿದ್ದೇನೆ, ಅದರಿಂದ ಆಯಿತು. ಆ ಎರಡು ಸಾಲನ್ನು ಇಲ್ಲಿ ಹಾಕುವುದಿಲ್ಲ. ಇಪ್ಪತ್ತಾರು ವರ್ಷ ಪತ್ರ ಬರೆದು ಗಳಿಸಿದ್ದು ಅದು, ನನ್ನ ಅನ್ನ. ಯಾರಿಗೂ ಒಂದು ರೂಪಾಯಿ ಕೊಟ್ಟಿಲ್ಲ ಅನ್ನುವುದನ್ನು ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ಕರಾರು ಇಸಿಯಲ್ಲಿ (ಆಸ್ತಿಯ ಋಣಭಾರ ಪತ್ರ) ಬಂತು. ತಮ್ಮ ನೋಡಿದ. ಫೋನಿನಲ್ಲಿ ಕೂಗಾಡಿದ. ನಾನು ಮರುಮಾತಾಡದೆ ಒಂದು ಭಾನುವಾರ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಬಾ ಅಂದೆ, ಬಂದ. ಇಡ್ಲಿ ಬರುವಷ್ಟರಲ್ಲಿ ಬಿಲ್ಲಿನ ಹಿಂದೆ ಬರೆದು ತೋರಿಸಿದೆ. 42ರಲ್ಲಿ ಅರ್ಧ 21 ಲಕ್ಷ. 71ರಲ್ಲಿ ಮೂರನೇ ಒಂದು 23 ಲಕ್ಷ 66 ಸಾವಿರ. ಅವನು ಎರಡು ಸಲ ಭಾಗಿಸಿ ನೋಡಿದ. "ಇದು ಪತ್ರದಲ್ಲಿ ಬರೆದಿದ್ಯಾ ಅಣ್ಣ?" ಅಂದ. ನೋಂದಣಿಯಾಗಿದೆ ಅಂದೆ. ಅಲ್ಲಿವರೆಗೆ ಎರಡು ವರ್ಷ ನಾನು ಅವನಿಗೆ ಅತ್ತೆಯ ಋಣದ ಮಾತು ಹೇಳಿದ್ದೆ, ಅಪ್ಪನ ಮಾತು ಹೇಳಿದ್ದೆ, ಹಿರಿಯರನ್ನು ಕೂರಿಸಿ ಹೇಳಿಸಿದ್ದೆ, ಏನೂ ನಾಟಿರಲಿಲ್ಲ. ಅವನು ಕೆಟ್ಟವನಲ್ಲ. ಅವನ ಕಣ್ಣಿಗೆ ಮನೆ ಇತ್ತೇ ಹೊರತು ದುಡ್ಡು ಕಂಡಿರಲಿಲ್ಲ. ಎಲ್ಲರೂ ಹೇಳುವುದು ತಕರಾರು ತೀರಿಸಿ ಬೆಲೆ ಕಟ್ಟಿ ಅಂತ. ಬೆಲೆ ಕಟ್ಟಿದ್ದರಿಂದಲೇ ನಮ್ಮ ತಕರಾರು ತೀರಿತು. ನನ್ನ ವಿಧಾನ ಅಂದರೆ ಇಷ್ಟೇ.

2024ರ ಶಿವರಾತ್ರಿ ಕಳೆದು ಅವನು ಆಕ್ಷೇಪಣೆ ವಾಪಸ್ ತೆಗೆದುಕೊಂಡ. ಇನ್ನು ರಾಜಿ ಪತ್ರ ಹಾಕಿ ಮುಗಿಸುವುದೇ ಅಂದುಕೊಂಡಿದ್ದೆ. ವಕೀಲರು ತಡೆದರು. ಬೇರೆ ದಾವೆಯ ಹಾಗೆ ಇಲ್ಲಿ ಎಲ್ಲರೂ ಒಪ್ಪಿದರೂ ಸಾಲದು, ಉಯಿಲು ಸಾಕ್ಷಿಯಿಂದಲೇ ಸಾಬೀತಾಗಬೇಕು. ಸಹಿ ಹಾಕಿದ ಇಬ್ಬರು ಸಾಕ್ಷಿಗಳಲ್ಲಿ ನೆರೆಮನೆಯ ಮೇಷ್ಟ್ರು 2020ರಲ್ಲೇ ಹೋಗಿದ್ದರು. ಉಳಿದವರು ಶಿರಾದಲ್ಲಿ ಮಗಳ ಮನೆಯಲ್ಲಿದ್ದ ಅಪ್ಪನ ಸ್ನೇಹಿತರು, ವಯಸ್ಸು 81, ಮಂಡಿ ನೋವು. ಒಬ್ಬರು ಸಾಕು, ಆದರೆ ಆ ಒಬ್ಬರು ಇರಬೇಕಲ್ಲ. ಆ ವರ್ಷವೆಲ್ಲ ರಾತ್ರಿ ಶಿರಾದಿಂದ ಫೋನ್ ಬಂದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಉಯಿಲಿನ ಕೆಲಸ ಕೈಗೆತ್ತಿಕೊಂಡವರು ಎಲ್ಲಕ್ಕಿಂತ ಮೊದಲು ಸಾಕ್ಷಿಯ ಮನೆಗೆ ಹೋಗಿ ಬನ್ನಿ. ನಾನು ಒಂದೂವರೆ ವರ್ಷ ತಡ ಮಾಡಿದ್ದೆ.

ಕಾರು ಮಾಡಿ, ಹಿಂದಿನ ಸೀಟಿಗೆ ದಿಂಬು ಹಾಕಿ ಕರೆತಂದೆ. ಮೊದಲ ದಿನ ಕಲಾಪ ನಡೆಯಲಿಲ್ಲ, ವಾಪಸ್ ಬಿಟ್ಟು ಬಂದೆ. ಎರಡನೇ ಸಲ ಸಾಕ್ಷಿಕಟ್ಟೆ ಹತ್ತಿದರು. ಉಯಿಲು ನಿಪಿ 1, ಅಂದರೆ ಕೋರ್ಟಿನಲ್ಲಿ ನಮ್ಮ ಕಡೆಯ ಮೊದಲ ದಾಖಲೆ, ಆಯಿತು. ಸಹಿ ಮಾಡುವಾಗ ಅಪ್ಪ ಎಲ್ಲಿ ಕೂತಿದ್ದರು ಅಂತ ನ್ಯಾಯಾಧೀಶರೇ ಕೇಳಿದರು. ಅಜ್ಜ ನಿಧಾನವಾಗಿ, "ಪಡಸಾಲೇಲಿ, ಕಂಬಕ್ಕೆ ಒರಗಿ ಸ್ವಾಮಿ. ಪೆನ್ನು ಬರ್ತಿರ್ಲಿಲ್ಲ. ಹಾಳೆ ಮೂಲೇಲಿ ಎರಡು ಸಲ ಗೀಚಿ ನೋಡಿದ್ರು, ಶಾಯಿ ಇಳೀತು, ಆಮೇಲೆ ಸಹಿ ಹಾಕಿದ್ರು" ಅಂದರು. ನ್ಯಾಯಾಧೀಶರು ಹಾಳೆ ಎತ್ತಿ ಬೆಳಕಿಗೆ ಹಿಡಿದರು. ಬಲಗಡೆ ಕೆಳಮೂಲೆಯಲ್ಲಿ ಎರಡು ನೀಲಿ ಗೀಚು, ಮೊದಲನೆಯದು ಮಾಸಲು, ಎರಡನೆಯದು ಕಡು. ತಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದ, ತಲೆ ಎತ್ತಲಿಲ್ಲ.

2024ರ ಅಕ್ಟೋಬರ್‌ನಲ್ಲಿ ಆದೇಶವಾಯಿತು. ಪ್ರೊಬೇಟಿಗೆ ಕೋರ್ಟ್ ಶುಲ್ಕ ಅಂತ ನಾನು ಕಟ್ಟಿದ್ದು 30 ಸಾವಿರ, ವಕೀಲರಿಗೆ ಎಲ್ಲ ಸೇರಿ 85 ಸಾವಿರ ಇರಬಹುದು, ಶಿರಾ ಓಡಾಟಕ್ಕೆ ಐದಾರು ಸಾವಿರ. ಎಫ್‌ಡಿ ಬಡ್ಡಿ 17 ತಿಂಗಳಿಗೆ ಲಕ್ಷದ ಹತ್ತಿರ ಬಂತು, ಖರ್ಚಿನ ಬಹುಪಾಲು ಅದರಲ್ಲೇ ತೀರಿತು. ಕೈಗೆ ತೆಗೆದುಕೊಂಡಿದ್ದರೆ ಮತ್ತೆ ಬಳೆ ಅಡವಿಡಬೇಕಿತ್ತು.

ಅಷ್ಟರಲ್ಲಿ ಇ-ಖಾತೆ (ಕಂಪ್ಯೂಟರಿನಲ್ಲಿ ಬರುವ ಖಾತೆ) ಇಲ್ಲದೆ ನೋಂದಣಿ ಇಲ್ಲ ಅನ್ನುವ ನಿಯಮ ಬಂದಿತ್ತು. ಪ್ರೊಬೇಟ್ ಕೈಯಲ್ಲಿದ್ದುದರಿಂದ ಮೂವರ ಹೆಸರಿಗೆ ಖಾತೆ ಬರಲು ಮೂರು ತಿಂಗಳು ಸಾಕಾಯಿತು. ಹಳೇ ಪತ್ರದ ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯ ವಿವರ) ಪೂರ್ವಕ್ಕೆ ಓಣಿ ಅಂತಿತ್ತು, ಸ್ಥಳದಲ್ಲಿ ಗೋಡೆ ಇತ್ತು. ಅದನ್ನು ಸರಿ ಮಾಡಿಸುವುದೇ ಒಂದು ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಮಧ್ಯೆ ಒಂದು ಪ್ರಯತ್ನ ಮಾಡಿ ಬಿಟ್ಟೆ. ಪಡಸಾಲೆಯ ನಾಲ್ಕು ತೇಗದ ಕಂಬ, ತಲೆಬಾಗಿಲು ಬೇರೆಯಾಗಿ ಮಾರಿದರೆ ಎಷ್ಟು ಬರುತ್ತದೆ ಅಂತ ವಿಚಾರಿಸಿದೆ. ಬೆಂಗಳೂರಿನ ಹಳೇ ಮರದ ವ್ಯಾಪಾರಿ ಬಂದು ಅಳತೆ ಮಾಡಿ 1 ಲಕ್ಷ 60 ಸಾವಿರ ಅಂದ. ಕರಾರಿನ ಷೆಡ್ಯೂಲಿನಲ್ಲಿ (ಆಸ್ತಿಯ ವಿವರದ ಭಾಗ) ನಾನೇ "ಕಂಬ, ಬಾಗಿಲು ಸಹಿತ" ಅಂತ ಬರೆದಿದ್ದೆ, ಕೈಬಿಟ್ಟೆ. ನೀವು ಹಳೇ ಮನೆಯ ಕರಾರು ಬರೆಯುವುದಾದರೆ ಮರಕ್ಕೆ ಮೊದಲೇ ಬೆಲೆ ಕಟ್ಟಿಸಿ.

ತೆರಿಗೆಯಲ್ಲಿ ಒಂದು ಎಚ್ಚರಿಕೆ. ಒಬ್ಬೊಬ್ಬರ ಪಾಲು 50 ಲಕ್ಷದ ಒಳಗಿದೆ, ಟಿಡಿಎಸ್ (ಕೊಳ್ಳುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕಿಲ್ಲ ಅಂತ ಯಾರೋ ಕೊಳ್ಳುವವರ ತಲೆಗೆ ತುಂಬಿದ್ದರು. 2024ರ ಅಕ್ಟೋಬರ್ 1ರಿಂದ ಅದು ನಡೆಯಲ್ಲ, ಒಟ್ಟು ಬೆಲೆ ನೋಡುತ್ತಾರೆ. ಮೂರು ಪ್ಯಾನಿಗೆ ಮೂರು ಫಾರಂ ತುಂಬಿಸಿ ಶೇ 1 ಕಟ್ಟಿಸಿದೆ. ಲಾಭದ ಲೆಕ್ಕಕ್ಕೆ 2001ರ ಏಪ್ರಿಲ್‌ನ ಬೆಲೆಯನ್ನು ವ್ಯಾಲ್ಯುಯರ್ ಕೈಲಿ ಕಟ್ಟಿಸಿದೆ, 6 ಲಕ್ಷ ಬಂತು. ಸೂಚ್ಯಂಕ ಹಾಕಿ, ಅಂದರೆ ಹಳೇ ಬೆಲೆಗೆ ಬೆಲೆಯೇರಿಕೆ ಸೇರಿಸಿ, ಶೇ 20 ಕಟ್ಟುವುದಕ್ಕಿಂತ ಸೂಚ್ಯಂಕವಿಲ್ಲದ ಶೇ 12.5 ನಮಗೆ ಕಡಿಮೆ ಬಿತ್ತು, ಮೂವರಿಂದ ಒಂದೂಮುಕ್ಕಾಲು ಲಕ್ಷದಷ್ಟು ಉಳಿಯಿತು. ಎರಡೂ ಹಾಕಿ ನೋಡದೆ ಆಡಿಟರ್ ಹೇಳಿದ್ದಕ್ಕೆ ತಲೆಯಾಡಿಸಬೇಡಿ.

ಕ್ರಯದ ದಿನ ಅತ್ತೆ ಹೆಬ್ಬೆಟ್ಟು ಒತ್ತಿ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, "ಮಗಾ, ಬಾವಿಕಟ್ಟೆ ತುಳಸಿ ತಗೊಂಡೆಯಾ?" ಅಂದರು. ಬೇರು ಸಮೇತ ಹಿಂದಿನ ಸಂಜೆಯೇ ತಮ್ಮ ತಂದು ಕುಂಡದಲ್ಲಿ ನೆಟ್ಟಿದ್ದ.

ಅವರ ಪಾಲಿನಲ್ಲಿ 15 ಲಕ್ಷ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿಸಿದೆ, ಆಗ ಬಡ್ಡಿ ಶೇ 8.2 ಇತ್ತು. ಜುಲೈ ಮೊದಲ ವಾರ ಮೊದಲ ಪೂರ್ತಿ ಕಂತು ಬಂತು, 30,750 ರೂಪಾಯಿ. ಪಾಸ್‌ಬುಕ್ಕಿನ ಆ ಸಾಲಿನ ಮೇಲೆ ಬೆರಳಿಟ್ಟು, ಇದು ನನ್ನೊಬ್ಬಳದ್ದೇನಾ ಅಂತ ಕೇಳಿದರು. ಹೌದತ್ತೆ ಅಂದೆ. ಪಾಸ್‌ಬುಕ್ಕನ್ನು ಮಡಿಸಿ ಅಪ್ಪನ ಹಳೇ ರೇಷನ್ ಕಾರ್ಡಿನ ಕವರಿನೊಳಗೆ ಇಟ್ಟುಕೊಂಡರು. ಉಯಿಲು ನನಗೆ ಸಿಕ್ಕಿದ್ದೂ ಅದೇ ಕವರಿನಲ್ಲಿ.