ಸೇರಿಸುವ ಬದಲು ತೆಗೆಯುತ್ತಾ ಹೋದೆ: ಟವರ್ ಜಾಗ ಆರಿಸಿದ ನನ್ನ ಅನುಭವ

ಮೊಬೈಲ್ ಟವರಿಗೆ ಕಂಪ್ಯೂಟರ್ ಆರಿಸಿದ ಜಾಗ ಫೀಲ್ಡಿನಲ್ಲಿ ನಿಲ್ಲುವುದಿಲ್ಲ ಎಂದವರಿಗೆ ಈಗ ಡ್ರೈವ್ ಟೆಸ್ಟ್ (ವಾಹನದಲ್ಲಿ ಸುತ್ತಿ ಸಿಗ್ನಲ್ ಅಳೆಯುವುದು) ಮ್ಯಾಪನ್ನೇ ತೋರಿಸುತ್ತೇನೆ. ನಮ್ಮ ಪಟ್ಟಿಯಲ್ಲಿ ಸುಮಾರು 140 ಜಾಗಗಳಿದ್ದವು. ಕೈಯಲ್ಲಿ ಮಾಡಿದ ಪ್ಲಾನ್ 60ರ ಹತ್ತಿರ ಸೈಟ್ ಕೇಳಿತ್ತು. ನನ್ನದು 50ರೊಳಗೆ ಮುಗಿಯಿತು, ಎಸ್‌ಐಎನ್‌ಆರ್ (ಅಡಚಣೆ, ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಬಲ ಎನ್ನುವ ಅಳತೆ) ಕೂಡ ಮೇಲಾಯಿತು.

ಶುರುವಿನಲ್ಲಿ ಎಲ್ಲರಂತೆ ಗ್ರೀಡಿ ವಿಧಾನ ಹಿಡಿದೆ, ಅಂದರೆ ಪ್ರತಿ ಹೆಜ್ಜೆಯಲ್ಲೂ ಆಗ ಅತಿ ಹೆಚ್ಚು ಲಾಭ ಕೊಡುವ ಜಾಗವನ್ನು ಸೇರಿಸುತ್ತಾ ಹೋಗುವುದು. ಸೈಟುಗಳ ಸಂಖ್ಯೆ ನಿಗದಿಯಾಗಿದ್ದು ಬರೀ ಕವರೇಜ್ ಲೆಕ್ಕವಾದರೆ, ಅತ್ಯುತ್ತಮ ಉತ್ತರದ ಕನಿಷ್ಠ 63% ಸಿಗುವ ಗ್ಯಾರಂಟಿ ಅದಕ್ಕಿದೆ. ಆದರೆ ಅದು ಎತ್ತರದ ಟವರನ್ನೇ ಮೊದಲು ಆರಿಸುತ್ತದೆ. ಎಲ್‌ಟಿಇಯಲ್ಲಿ (4ಜಿ) ಸಾಮಾನ್ಯವಾಗಿ ಎಲ್ಲ ಸೆಲ್‌ಗೂ ಒಂದೇ ಫ್ರೀಕ್ವೆನ್ಸಿ ಅಲ್ವಾ? ಆಮೇಲೆ ಬಂದ ಪ್ರತಿ ಸೈಟಿಗೂ ಆ ಎತ್ತರದ ಟವರಿನದೇ ಇಂಟರ್‌ಫಿಯರೆನ್ಸ್, ಅಂದರೆ ಸಿಗ್ನಲ್ ಅಡಚಣೆ. ಒಮ್ಮೆ ಒಳಗೆ ಬಂದದ್ದನ್ನು ಗ್ರೀಡಿ ಬಿಡುವುದೂ ಇಲ್ಲ. ಜೆನೆಟಿಕ್ ಅಲ್ಗಾರಿದಮ್ (ಉತ್ತರಗಳನ್ನು ಬೆರೆಸಿ, ಅಲ್ಲಲ್ಲಿ ಬದಲಿಸಿ, ಒಳ್ಳೆಯವನ್ನು ಉಳಿಸಿಕೊಳ್ಳುವ ವಿಧಾನ) ಓಡಿಸಿದರೆ ಪ್ರತಿ ಸಲ ಬೇರೆ ಉತ್ತರ, ದುಡ್ಡು ಕೊಡುವವರ ಮುಂದೆ ಯಾವುದನ್ನು ಇಡುವುದು? ಇಂಟೀಜರ್ ಪ್ರೋಗ್ರಾಮಿಂಗಿಗೆ (ಪ್ರತಿ ಜಾಗಕ್ಕೂ ಬೇಕು-ಬೇಡ ಎಂದು ಸಮೀಕರಣದಲ್ಲಿ ಬರೆದು ಅತ್ಯುತ್ತಮ ಉತ್ತರ ಹುಡುಕುವುದು) ಎಸ್‌ಐಎನ್‌ಆರ್ ಷರತ್ತು ಹಾಕಿದೆ. ಆ ಷರತ್ತು ಬರೆಯಲು ಬಳಸುವ ದೊಡ್ಡ ಸಂಖ್ಯೆಯಿಂದಾಗಿ (ಬಿಗ್-ಎಮ್), ಸಿಕ್ಕ ಉತ್ತರಕ್ಕೂ ಸಾಧ್ಯವಿರುವ ಅತ್ಯುತ್ತಮ ಮಿತಿಗೂ ನಡುವಿನ ಗ್ಯಾಪ್ 30% ಆಸುಪಾಸಿನಲ್ಲೇ ನಿಂತುಬಿಟ್ಟಿತು.

ಆಗ ಉಲ್ಟಾ ಹೊರಟೆ. ಲೆಕ್ಕದಲ್ಲಿ ಎಲ್ಲ ಸೈಟುಗಳನ್ನೂ ಆನ್ ಮಾಡಿಕೊಂಡು, ಉಳಿತಾಯವಾಗುವ ಖರ್ಚಿಗೆ ಹೋಲಿಸಿದರೆ ಯಾವುದನ್ನು ತೆಗೆದರೆ ನಷ್ಟ ಕಡಿಮೆಯೋ ಅದನ್ನು ತೆಗೆಯುತ್ತಾ ಹೋದೆ. ಮೊದಮೊದಲು ತೆಗೆದಷ್ಟೂ ಎಸ್‌ಐಎನ್‌ಆರ್ ಏರುತ್ತದೆ! ಕವರೇಜ್ ಮಿತಿ ಮುಟ್ಟಿದ ಮೇಲೆ ಅಕ್ಕಪಕ್ಕದ ಜಾಗಗಳನ್ನು ಅದಲು ಬದಲು ಮಾಡಿ ನೋಡಿದೆ. ಪಾತ್‌ಲಾಸ್ ಮ್ಯಾಟ್ರಿಕ್ಸ್ (ಪ್ರತಿ ಜಾಗದಿಂದ ಪ್ರತಿ ಪಿಕ್ಸೆಲ್‌ಗೆ, ಅಂದರೆ ನಕ್ಷೆಯ ಚಿಕ್ಕ ಚೌಕಕ್ಕೆ, ಸಿಗ್ನಲ್ ಎಷ್ಟು ಕುಗ್ಗುತ್ತದೆ ಎನ್ನುವ ಕೋಷ್ಟಕ) ಮೊದಲೇ ಸಿದ್ಧವಿದ್ದರೆ ಇದೆಲ್ಲ ಬೇಗ ಓಡುತ್ತದೆ. ಯಾವ ಪಿಕ್ಸೆಲ್‌ಗೆ ಎಷ್ಟು ತೂಕ ಎನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಮಾಡೆಲ್ ಟ್ಯೂನಿಂಗ್ ಬಿಡಬೇಡಿ. ಹಾಟಾ ಸೂತ್ರವನ್ನು (ದೂರ ಹೋದಂತೆ ಸಿಗ್ನಲ್ ಎಷ್ಟು ಕುಗ್ಗುತ್ತದೆ ಎಂದು ಅಂದಾಜಿಸುವುದು) ಹಾಗೇ ಬಳಸಿದಾಗ ಅಂದಾಜಿಗೂ ಅಳತೆಗೂ ವ್ಯತ್ಯಾಸ 11-12 ಡಿಬಿ (ಡೆಸಿಬೆಲ್) ಇತ್ತು, ನಮ್ಮದೇ ಡ್ರೈವ್ ಟೆಸ್ಟ್ ಡೇಟಾದಿಂದ ಟ್ಯೂನ್ ಮಾಡಿದ ಮೇಲೆ 8ಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಎಳೆಯಲು ಹೋಗಲಿಲ್ಲ, ಉಳಿದ ವ್ಯತ್ಯಾಸಕ್ಕೆಂದು ಮಾರ್ಜಿನ್ ಇಟ್ಟುಕೊಂಡೆ.

ಇನ್ನು ದುಡ್ಡು. ಸೈಟುಗಳ ಸಂಖ್ಯೆ ಕಡಿಮೆ ಮಾಡುವುದೇ ಗುರಿ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಕಟ್ಟಡದ ಮೇಲಿನ ಕಂಬಕ್ಕೆ 1 ಎಂದಿಟ್ಟರೆ ನೆಲದಿಂದ ಎಬ್ಬಿಸುವ ಟವರಿಗೆ ನಮ್ಮಲ್ಲಿ ಹೆಚ್ಚುಕಡಿಮೆ 3 ಬಿತ್ತು. ಫೈಬರ್ ಇಲ್ಲದ ಕಡೆ ಮೈಕ್ರೋವೇವ್ ಲಿಂಕ್ ಖರ್ಚು ಬೇರೆ. ಹತ್ತು ವರ್ಷದ ಬಾಡಿಗೆ, ಕರೆಂಟು, ಬ್ಯಾಕ್‌ಹಾಲ್ (ಟವರನ್ನು ಮುಖ್ಯ ನೆಟ್‌ವರ್ಕಿಗೆ ಜೋಡಿಸುವ ಸಂಪರ್ಕ) ಎಲ್ಲ ಸೇರಿಸಿ ಗುರಿಯನ್ನೇ ಬದಲಿಸಿದೆ. ಎರಡು ಮೂರು ಕಡೆ ದೊಡ್ಡ ಟವರ್ ಹೋಗಿ, ತಗ್ಗಿನ ರೂಫ್‌ಟಾಪ್ ಸೈಟುಗಳು ಬಂದವು. ಒಟ್ಟು ಖರ್ಚು ಕಾಲು ಭಾಗದಷ್ಟು ಇಳಿಯಿತು.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಈಗಾಗಲೇ ಓಡುತ್ತಿದ್ದ ಸೈಟುಗಳ ಎಲೆಕ್ಟ್ರಿಕಲ್ ಟಿಲ್ಟನ್ನಷ್ಟೇ (ಆಂಟೆನಾ ಅಲುಗಿಸದೆ ಅದರ ಸಿಗ್ನಲ್ ಕೆಳಗೆ ಬಾಗಿಸುವ ಕೋನ) ಇದೇ ವಿಧಾನದಲ್ಲಿ ಹೊಂದಿಸಿದೆ. ಹೊಸ ಸಾಮಾನು ಏನೂ ಇಲ್ಲದೆ ಎಸ್‌ಐಎನ್‌ಆರ್‌ನಲ್ಲಿ ಸರಾಸರಿ 2 ಡಿಬಿ ಸಿಕ್ಕಿತು. ಮೇಲಿನವರು ಒಪ್ಪಿದ್ದೇ ಅದನ್ನು ನೋಡಿ. ಕೊನೆಯ ಉತ್ತರದ ಮೇಲೆ ಸಿಮ್ಯುಲೇಟೆಡ್ ಅನೀಲಿಂಗ್ (ಆಗಾಗ ಕೆಟ್ಟ ಬದಲಾವಣೆಯನ್ನೂ ಒಪ್ಪಿ ಇನ್ನೂ ಒಳ್ಳೆಯ ಉತ್ತರ ಹುಡುಕುವ ವಿಧಾನ) ಕೂಡ ಓಡಿಸಿದೆ, 1% ಕೂಡ ಹೆಚ್ಚು ಸಿಗಲಿಲ್ಲ.

ಆರಿಸಿದ ಜಾಗಗಳಲ್ಲಿ ಐದಕ್ಕೊಂದನ್ನು ಮಾಲೀಕರು ಕೊಡಲಿಲ್ಲ. ಅಂಥದ್ದನ್ನು ಪಟ್ಟಿಯಿಂದ ಕಿತ್ತು, ಸಹಿಯಾದವುಗಳನ್ನು ಲಾಕ್ ಮಾಡಿ, ಕೈತಪ್ಪಿದ ಜಾಗದ ಸುತ್ತಲಿನವನ್ನು ಮಾತ್ರ ಮತ್ತೆ ಓಡಿಸಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಬದಲಿ ಜಾಗ ಸಿದ್ಧವಿರುತ್ತಿತ್ತು.