ಡಿಸ್ಕ್ ಬೇಡ, ಲೆಕ್ಕ ಕೊಡು

2004ರಲ್ಲಿ ನಾನು ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸಕ್ಕಿದ್ದೆ. ಕೆಟ್ಟ ಹಾರ್ಡ್ ಡಿಸ್ಕ್ ಹಿಡಿದುಕೊಂಡು ದಿನಾ ಯಾರಾದರೂ ಬರುತ್ತಿದ್ದರು. ವಾರಂಟಿ ಇದ್ದರೆ ಹೊಸ ಡಿಸ್ಕ್ ಸಿಗುತ್ತಿತ್ತು, ಒಳಗಿದ್ದದ್ದು ಸಿಗುತ್ತಿರಲಿಲ್ಲ. "ಡಿಸ್ಕ್ ನೀನೇ ಇಟ್ಕೋ ಕಣಪ್ಪಾ, ನನ್ನ ಲೆಕ್ಕ ಕೊಡು" ಅಂದರು ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು. ಆ ಮಾತು ತಲೆಯಲ್ಲೇ ಉಳಿಯಿತು.

2008ರಲ್ಲಿ ರಾಜಾಜಿನಗರದ ನಮ್ಮ ಮನೆಯ ಗ್ಯಾರೇಜಿನಲ್ಲಿ ಸ್ವಂತ ಕೆಲಸ ಶುರು ಮಾಡಿದೆ. ನಾಲ್ಕು ಡಿಸ್ಕ್ ಹಿಡಿಸುವ ಡಬ್ಬ, ಒಳಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್, ಅದರ ಮೇಲೆ ರೇಡ್ 5, ಅಂದರೆ ಹಲವು ಡಿಸ್ಕನ್ನು ಒಂದಾಗಿ ಸೇರಿಸುವ ಒಂದು ವಿಧಾನ. ಒಂದು ದುಬಾರಿ ಡಿಸ್ಕಿನ ಬದಲು ನಾಲ್ಕಾರು ಅಗ್ಗದ ಡಿಸ್ಕ್ ಸೇರಿಸಿ ಕೆಲಸ ಮಾಡಿಸಬಹುದು ಎಂದು ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1988ರಲ್ಲೇ ಬರೆದಿದ್ದರು. ಮೂರು ಡಿಸ್ಕಿನಷ್ಟು ಜಾಗದಲ್ಲಿ ಮಾಹಿತಿ, ಒಂದು ಡಿಸ್ಕಿನಷ್ಟು ಜಾಗದಲ್ಲಿ ಪ್ಯಾರಿಟಿ, ಅಂದರೆ ಆ ಮಾಹಿತಿಯಿಂದಲೇ ಲೆಕ್ಕ ಹಾಕಿ ಇಟ್ಟ ಹೆಚ್ಚುವರಿ ಅಂಕಿಗಳು. ಯಾವುದೇ ಒಂದು ಡಿಸ್ಕ್ ಹೋದರೂ ಉಳಿದ ಮೂರನ್ನು ಓದಿ, ಹೋದದ್ದನ್ನು ಲೆಕ್ಕ ಹಾಕಿ ಕಟ್ಟಬಹುದು. ಫೋಟೋ ಸ್ಟುಡಿಯೋ, ಪ್ರಿಂಟಿಂಗ್ ಪ್ರೆಸ್, ಆಡಿಟರ್ ಆಫೀಸುಗಳಿಗೆ ಇದನ್ನೇ ಹೇಳಿ ಮಾರಿದೆ. ನಾನೂ ಪೂರ್ತಿ ನಂಬಿದ್ದೆ.

2010ರ ಕೊನೆಗೆ ಒಂದು ಸ್ಟುಡಿಯೋದಲ್ಲಿ ಡಿಸ್ಕ್ ಹೋಯಿತು. ಹೊಸದು ಹಾಕಿ ರೀಬಿಲ್ಡ್, ಅಂದರೆ ಹೋದದ್ದನ್ನು ಅದರಲ್ಲಿ ಮತ್ತೆ ಕಟ್ಟುವ ಕೆಲಸ, ಶುರು ಮಾಡಿದೆ. 2 ಟಿ.ಬಿ. ಡಿಸ್ಕನ್ನು ಸೆಕೆಂಡಿಗೆ 100 ಎಂ.ಬಿ. ವೇಗದಲ್ಲಿ ಓದಿದರೂ ಐದೂವರೆ ಗಂಟೆ ಬೇಕು. ಅಲ್ಲಿ ಕೆಲಸವೂ ನಡೆಯುತ್ತಿತ್ತು, ಹಾಗಾಗಿ ಇಡೀ ದಿನ ಹಿಡಿಯುವ ಲಕ್ಷಣ. ಸಂಜೆ ಹೊತ್ತಿಗೆ ಇನ್ನೊಂದು ಡಿಸ್ಕಿನಲ್ಲಿ ಬ್ಯಾಡ್ ಸೆಕ್ಟರ್, ಅಂದರೆ ಓದಲಾಗದ ಒಂದು ಚಿಕ್ಕ ಭಾಗ, ಸಿಕ್ಕಿ ರೀಬಿಲ್ಡ್ ನಿಂತುಹೋಯಿತು.

ಆ ರಾತ್ರಿ ನನಗೆ ಅರ್ಥವಾದದ್ದು ಇದು. ಆ ಸೆಕ್ಟರ್ ಕೆಟ್ಟದ್ದು ಅಂದಲ್ಲ, ಮೊದಲೇ. ಹಳೇ ಮದುವೆಯ ಫೋಟೋಗಳನ್ನು ಯಾರೂ ತೆರೆಯುವುದಿಲ್ಲ, ಅಲ್ವಾ? ತೆರೆಯದ ಕಡೆ ಕೆಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ರೀಬಿಲ್ಡ್ ಆಗುವಾಗ ಪ್ರತಿ ಸೆಕ್ಟರನ್ನೂ ಓದಲೇಬೇಕು. ಅದೂ ರಕ್ಷಣೆಗೆ ಏನೂ ಉಳಿದಿಲ್ಲದ ಹೊತ್ತಿನಲ್ಲಿ. ಇದರ ಜೊತೆಗೆ ನಾಲ್ಕೂ ಡಿಸ್ಕನ್ನು ನಾನು ಒಂದೇ ದಿನ, ಒಂದೇ ಪೆಟ್ಟಿಗೆಯಿಂದ ತಂದಿದ್ದೆ. ಒಂದೇ ವಯಸ್ಸು, ಒಂದೇ ಸವೆತ.

ಮೂರು ದಿನ ಕೂತು ಆ ಡಿಸ್ಕುಗಳಿಂದ ತುಂಬಾ ಫೋಟೋ ವಾಪಸ್ ತೆಗೆದೆ. ಎರಡು ಮದುವೆಯ ಫೋಟೋಗಳು ಸಿಗಲಿಲ್ಲ. ಸ್ಟುಡಿಯೋದ ಯಜಮಾನರು ಬೈಯಲಿಲ್ಲ. "ಒಂದು ಮದುವೇಲಿ ಹುಡುಗಿಯ ಅಜ್ಜಿ ಇದ್ರು. ಈಗ ಅವರಿಲ್ಲ" ಅಂದರು, ಅಷ್ಟೆ. ಹಣ ವಾಪಸ್ ಕೊಟ್ಟೆ. ಅದರಿಂದ ಆ ಮನೆಯವರಿಗೆ ಏನೂ ಪ್ರಯೋಜನವಾಗಲಿಲ್ಲ.

ಅಲ್ಲಿಂದ ಮುಂದೆ ನಾವು ಮಾರುವ ಡಬ್ಬವೇ ಬದಲಾಯಿತು. ಎರಡು ಡಿಸ್ಕ್ ಹೋದರೂ ತಡೆಯುವ ರೇಡ್ 6. ಡಿಸ್ಕುಗಳು ಬೇರೆ ಬೇರೆ ಲಾಟಿನವು. ತಿಂಗಳಿಗೊಮ್ಮೆ ರಾತ್ರಿ ಎಲ್ಲ ಡಿಸ್ಕನ್ನೂ ಮೊದಲಿಂದ ಕೊನೆವರೆಗೆ ಓದಿ ನೋಡುವ ಸ್ಕ್ರಬ್. ಊರ ಇನ್ನೊಂದು ಮೂಲೆಯಲ್ಲಿ ಮತ್ತೊಂದು ಪ್ರತಿ, ಯಾಕೆಂದರೆ ಕೈತಪ್ಪಿ ಅಳಿಸಿದ ಫೈಲನ್ನು ಯಾವ ರೇಡೂ ಉಳಿಸುವುದಿಲ್ಲ. ಬೆಲೆ ಏರಿತು. ಕೆಲವು ಗಿರಾಕಿಗಳು ಹೋದರು.

ಮರುವರ್ಷ ಥಾಯ್ಲೆಂಡಿನಲ್ಲಿ ಪ್ರವಾಹ ಬಂತು. ಡಿಸ್ಕ್ ಕಾರ್ಖಾನೆಗಳಿಗೆ ನೀರು ನುಗ್ಗಿ, ಎಸ್.ಪಿ. ರೋಡಿನಲ್ಲಿ ಬೆಳಿಗ್ಗೆ ಕೇಳಿದ ರೇಟು ಸಂಜೆಗೆ ಇರುತ್ತಿರಲಿಲ್ಲ. ಒಪ್ಪಿಕೊಂಡಿದ್ದ ಮೂರು ಆರ್ಡರುಗಳನ್ನು ಹಳೇ ಬೆಲೆಗೇ ಕೊಟ್ಟೆ. ಹೆಂಡತಿಯ ಬಳೆ ಬ್ಯಾಂಕಿಗೆ ಹೋಯಿತು, ಎರಡು ವರ್ಷಕ್ಕೆ ಬಿಡಿಸಿಕೊಂಡೆವು.

ಈಗ ಪೀಣ್ಯದಲ್ಲಿ ನಾವು ಹನ್ನೊಂದು ಜನ. ಹೊಸದಾಗಿ ಸೇರಿದವರಿಗೆ ಮೊದಲ ಆರು ತಿಂಗಳು ಒಂದೇ ಕೆಲಸ: ಗಿರಾಕಿಯ ಹತ್ತಿರ ಹೋಗಿ, ಅವರು ಹೇಳಿದ ಹಳೇ ಫೈಲನ್ನು ಬ್ಯಾಕಪ್ಪಿನಿಂದ ವಾಪಸ್ ತೆಗೆದು, ತೆರೆದು ತೋರಿಸುವುದು. ಬ್ಯಾಕಪ್ ಆಯಿತು ಎಂಬ ಹಸಿರು ಟಿಕ್ ಮಾರ್ಕನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ. ಆ ಸ್ಟುಡಿಯೋಗೆ ಮಾತ್ರ ಇವತ್ತಿಗೂ ನಾನೇ ಹೋಗುತ್ತೇನೆ. ಯಾವ ವರ್ಷದ, ಯಾವ ಮದುವೆ ಎಂದು ಯಜಮಾನರು ಹೇಳುತ್ತಾರೆ. ಫೋಟೋ ತೆರೆಯುವವರೆಗೆ ಇಬ್ಬರೂ ಮಾತಾಡುವುದಿಲ್ಲ.