ಹಳೇ ವಿಂಡೋಸ್‌ಗೂ ಹೊಸ ಕಂಪ್ಯೂಟರ್‌ಗೂ ನಡುವೆ ಒಂದು ಫೋಲ್ಡರ್

ಶಿರಸಿಯಲ್ಲಿ ಮಾರಿಕಾಂಬೆ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಜಾತ್ರೆ ಹತ್ತಿರ ಬಂದರೆ ನನ್ನ ಮಾವನ ಡಿಟಿಪಿ ಅಂಗಡಿಗೆ ಬರುವವರ ಮಾತು ಒಂದೇ: ‘ಹೋದ ಜಾತ್ರೆಗೆ ಮಾಡಿಕೊಟ್ಟಿದ್ರಲ್ಲ, ಅದೇ ಯಕ್ಷಗಾನದ ಕರಪತ್ರ ತೆಗೀರಿ. ತಾರೀಕು ಬದಲಿಸಿದ್ರೆ ಆಯ್ತು.’

ಆ ಕರಪತ್ರ ಇರುವುದು ಪುಟ ವಿನ್ಯಾಸದ ಹಳೇ ತಂತ್ರಾಂಶ, 2001ರ ಪೇಜ್‌ಮೇಕರ್ 7ರಲ್ಲಿ, ಹಳೇ ನುಡಿ ಫಾಂಟ್‌ನಲ್ಲಿ. ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ನಾನು ಅದರಲ್ಲಿ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ನಡೆಸುವ ತಂತ್ರಾಂಶ) ಹಾಕಿ, ಒಳಗೆ ವಿಂಡೋಸ್ 7 ಕೂರಿಸಿಕೊಟ್ಟೆ. ಎಲ್ಲ ಮೊದಲಿನಂತೆ ನಡೆಯಿತು. ಮರುದಿನವೇ ಮಾವ ಫೋನ್ ಮಾಡಿದರು. ವಾಟ್ಸಾಪ್‌ನಲ್ಲಿ ಬಂದ ಫೋಟೊ ಆ ಒಳಗಿನ ವಿಂಡೋಸ್‌ಗೆ ಹೋಗುವುದು ಹೇಗೆ?

ಇದಕ್ಕೆ ದಾರಿ ಶೇರ್ಡ್ ಫೋಲ್ಡರ್. ಹೊರಗಿನ ಕಂಪ್ಯೂಟರ್‌ಗೆ ಹೋಸ್ಟ್ ಎನ್ನುತ್ತಾರೆ, ಒಳಗಿನದಕ್ಕೆ ಗೆಸ್ಟ್. ಹೋಸ್ಟ್‌ನಲ್ಲಿರುವ ಒಂದು ಫೋಲ್ಡರ್ ಗೆಸ್ಟ್‌ಗೂ ಕಾಣುವಂತೆ ಮಾಡಿದರೆ ಸಾಕು.

ಮೊದಲು ಗೆಸ್ಟ್ ಅಡಿಷನ್ಸ್ ಹಾಕಬೇಕು. ಗೆಸ್ಟ್ ಮತ್ತು ಹೋಸ್ಟ್ ಹೊಂದಿಕೊಂಡು ಕೆಲಸ ಮಾಡಲು ವರ್ಚುವಲ್‌ಬಾಕ್ಸ್ ಕೊಡುವ ತಂತ್ರಾಂಶ ಅದು. ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಇದಿಲ್ಲದೆ ಮುಂದಿನದು ಯಾವುದೂ ನಡೆಯುವುದಿಲ್ಲ. ವಿಂಡೋಸ್ 7 ಆನ್ ಮಾಡಿ. ವರ್ಚುವಲ್‌ಬಾಕ್ಸ್ ಕಿಟಕಿಯ ಮೇಲ್ಗಡೆ ‘ಡಿವೈಸಸ್’ ಮೆನುವಿನಲ್ಲಿ ‘ಇನ್ಸರ್ಟ್ ಗೆಸ್ಟ್ ಅಡಿಷನ್ಸ್ ಸಿಡಿ ಇಮೇಜ್’ ಒತ್ತಿ. ಒಳಗಿನ ‘ಕಂಪ್ಯೂಟರ್’ನಲ್ಲಿ ಒಂದು ಸಿಡಿ ಕಾಣುತ್ತದೆ. ಅದನ್ನು ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ. ಆಮೇಲೆ ಕಿಟಕಿಯನ್ನು ದೊಡ್ಡದು ಮಾಡಿ ನೋಡಿ. ಒಳಗಿನ ಸ್ಕ್ರೀನ್ ಕೂಡ ತಾನಾಗಿ ದೊಡ್ಡದಾದರೆ ಕೆಲಸ ಸರಿಯಾಗಿದೆ ಎಂದರ್ಥ. ಮುಂದೆ ವರ್ಚುವಲ್‌ಬಾಕ್ಸ್ ಅಪ್‌ಡೇಟ್ ಮಾಡಿದಾಗ ಇದನ್ನೂ ಮತ್ತೆ ಹಾಕಿ.

ಈಗ ಹೋಸ್ಟ್‌ನಲ್ಲಿ ಒಂದು ಹೊಸ ಫೋಲ್ಡರ್ ಮಾಡಿ. ಸುಲಭ ಅಂತ ಇಡೀ ಡಿ ಡ್ರೈವ್ ಕೊಟ್ಟುಬಿಡಬೇಡಿ. ಒಳಗೆ ವೈರಸ್ ಬಂದರೆ, ಹಂಚಿಕೊಂಡ ಫೋಲ್ಡರ್‌ನಲ್ಲಿರುವ ಹೊರಗಿನ ಫೈಲ್‌ಗಳನ್ನೂ ಅದು ಹಾಳು ಮಾಡಬಲ್ಲದು. ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ನಡುವೆ ಜಾಗ ಬೇಡ.

‘ಡಿವೈಸಸ್’ ಮೆನುವಿಗೆ ಮರಳಿ, ‘ಶೇರ್ಡ್ ಫೋಲ್ಡರ್ಸ್’ ಸೆಟ್ಟಿಂಗ್ಸ್ ತೆರೆಯಿರಿ. ಬಲಗಡೆ ಪ್ಲಸ್ ಗುರುತಿನ ಚಿತ್ರ ಒತ್ತಿ, ನಿಮ್ಮ ಫೋಲ್ಡರ್ ತೋರಿಸಿ. ‘ಆಟೊ ಮೌಂಟ್’ಗೂ ‘ಪರ್ಮನೆಂಟ್’ಗೂ ಟಿಕ್ ಹಾಕಿ. ಎರಡನೆಯದನ್ನು ಬಿಟ್ಟರೆ ಗೆಸ್ಟ್ ಆಫ್ ಮಾಡಿದಾಗ ಹಂಚಿಕೆಯೂ ಹೋಗುತ್ತದೆ. ‘ರೀಡ್ ಓನ್ಲಿ’ಗೆ ಟಿಕ್ ಬೇಡ, ಒಳಗಿನಿಂದ ಪಿಡಿಎಫ್ ಹೊರಗೆ ಬರಬೇಕಲ್ವಾ! ‘ಮೌಂಟ್ ಪಾಯಿಂಟ್’ ಜಾಗದಲ್ಲಿ ಝಡ್ ಅಕ್ಷರ, ಪಕ್ಕದಲ್ಲಿ ಕೋಲನ್ ಬರೆಯಿರಿ. ಓಕೆ ಕೊಟ್ಟರೆ ಒಳಗಿನ ‘ಕಂಪ್ಯೂಟರ್’ನಲ್ಲಿ ಝಡ್ ಡ್ರೈವ್ ಬರುತ್ತದೆ. ಬರದಿದ್ದರೆ ಗೆಸ್ಟ್ ಅನ್ನು ಒಮ್ಮೆ ರೀಸ್ಟಾರ್ಟ್ ಮಾಡಿ.

ಈಗ ನನಗೆ ಬಹಳ ಮುಖ್ಯ ಅನಿಸುವ ಮಾತು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ. ಅದಕ್ಕೆ ಇಂಟರ್‌ನೆಟ್ ಕೊಡಬೇಡಿ. ಗೆಸ್ಟ್ ಆಫ್ ಮಾಡಿ, ಸೆಟ್ಟಿಂಗ್ಸ್‌ನ ‘ನೆಟ್‌ವರ್ಕ್’ಗೆ ಹೋಗಿ, ‘ಎನೇಬಲ್ ನೆಟ್‌ವರ್ಕ್ ಅಡಾಪ್ಟರ್’ ಟಿಕ್ ತೆಗೆಯಿರಿ. ಝಡ್ ಡ್ರೈವ್ ನೆಟ್‌ವರ್ಕ್ ಡ್ರೈವ್‌ನಂತೆ ಕಂಡರೂ ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ. ಅದು ಗೆಸ್ಟ್ ಅಡಿಷನ್ಸ್ ಮೂಲಕವೇ ನಡೆಯುತ್ತದೆ.

ಮಾವನಿಗೆ ತೊಡಕಾದದ್ದು ಫೈಲ್ ಹೆಸರುಗಳು. ಫೋಟೊಗೆ ಕನ್ನಡದಲ್ಲಿ ಹೆಸರಿಟ್ಟಿದ್ದರು, ಪೇಜ್‌ಮೇಕರ್ ಅದನ್ನು ತೆರೆಯಲೇ ಇಲ್ಲ. ಅದು ಯೂನಿಕೋಡ್, ಅಂದರೆ ಈಗ ಮೊಬೈಲ್‌ನಲ್ಲೆಲ್ಲ ಬಳಸುವ ಅಕ್ಷರ ಸಂಕೇತ, ತಿಳಿಯದ ತಂತ್ರಾಂಶ. ಹಾಗಾಗಿ ಫೈಲ್‌ಗಳಿಗೂ ಇಂಗ್ಲಿಷ್ ಹೆಸರೇ ಇರಲಿ. ಮೊಬೈಲ್‌ನಲ್ಲಿ ಬಂದ ಕನ್ನಡ ಬರಹವನ್ನೂ ಅಷ್ಟೇ, ಮೊದಲು ನುಡಿಯ ಪರಿವರ್ತಕದಲ್ಲಿ ಹಳೇ ಫಾಂಟ್‌ಗೆ ಬದಲಿಸಿ, ಸಾದಾ ಟೆಕ್ಸ್ಟ್ ಫೈಲ್ ಆಗಿ ಫೋಲ್ಡರ್‌ಗೆ ಹಾಕಿ.

ಪೇಜ್‌ಮೇಕರ್ ಫೈಲ್‌ಗಳನ್ನು ಝಡ್ ಡ್ರೈವ್‌ನಲ್ಲೇ ತೆರೆದು ಕೆಲಸ ಮಾಡಬೇಡಿ. ಒಳಗಿನ ಸಿ ಡ್ರೈವ್‌ಗೆ ಕಾಪಿ ಮಾಡಿಕೊಂಡು ಕೆಲಸ ಮಾಡಿ, ಮುಗಿದ ಮೇಲೆ ಫೈಲ್ ಮತ್ತು ಪಿಡಿಎಫ್ ಎರಡನ್ನೂ ಝಡ್‌ಗೆ ಹಾಕಿ. ಫೋಟೊಗಳನ್ನೂ ಅದೇ ಸಿ ಡ್ರೈವ್ ಫೋಲ್ಡರ್‌ನಲ್ಲಿಟ್ಟು ಆಮೇಲೆ ಪುಟಕ್ಕೆ ಸೇರಿಸಿ. ಇಲ್ಲವಾದರೆ ಎರಡು ವರ್ಷ ಬಿಟ್ಟು ಕರಪತ್ರ ತೆರೆದಾಗ ಲಿಂಕ್ ತಪ್ಪಿ ಫೋಟೊ ಸಿಗುವುದಿಲ್ಲ.

ಝಡ್ ಡ್ರೈವ್‌ನಲ್ಲಿ ಡಿಲೀಟ್ ಮಾಡುವಾಗ ಎರಡು ಸಲ ನೋಡಿ. ಒಳಗಿನಿಂದ ಅಳಿಸಿದ ಫೈಲ್ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಗೆಸ್ಟ್‌ನ ಸ್ಥಿತಿಯನ್ನು ಉಳಿಸಿಟ್ಟು ಮತ್ತೆ ಅಲ್ಲಿಗೆ ಮರಳಲು ವರ್ಚುವಲ್‌ಬಾಕ್ಸ್‌ನಲ್ಲಿ ಸ್ನ್ಯಾಪ್‌ಶಾಟ್ ಇದೆಯಲ್ಲ ಎಂದುಕೊಂಡರೆ, ಅದು ಉಳಿಸುವುದು ಗೆಸ್ಟ್‌ನ ಒಳಗಿನದನ್ನು ಮಾತ್ರ. ಈ ಫೋಲ್ಡರ್ ಇರುವುದು ಹೊರಗೆ. ಅದಕ್ಕೇ ಮಾವ ಈಗ ವಾರಕ್ಕೊಮ್ಮೆ, ಅಂಗಡಿ ಬಾಗಿಲು ಹಾಕುವ ಮೊದಲು, ಇಡೀ ಫೋಲ್ಡರನ್ನು ಬೇರೆ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ ಮನೆಗೆ ಒಯ್ಯುತ್ತಾರೆ.